ಟ್ರಕ್‌ಗೆ ಹೊಸ ಚಕ್ರ ಹಾಕಿಸುವವರಿಗೆ: ಮೈಲೇಜ್ ಎಲ್ಲಿ ಸೋರುತ್ತದೆ, ಅಳೆಯುವುದು ಹೇಗೆ, ತಡೆಯುವುದು ಹೇಗೆ

ಪಿಕಪ್ ಟ್ರಕ್‌ಗೆ ಹೊಸ ಅಲಾಯ್ ಚಕ್ರ, ಅಗಲವಾದ ಟೈರು ಹಾಕಿಸಿದವರು ಎರಡನೆಯ ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಒಂದೇ ಮಾತು ಹೇಳುತ್ತಾರೆ: ಮೈಲೇಜ್ ಬಿದ್ದುಹೋಯಿತು. ಕಾರಣ ಕೇಳಿದರೆ ರಿಮ್ ಭಾರ ಎನ್ನುತ್ತಾರೆ. ಮೈಲೇಜ್ ಬಿದ್ದಿರುವುದು ಬಹಳ ಸಲ ನಿಜ. ಆದರೆ ಆರೋಪ ಹೊತ್ತ ರಿಮ್ಮಿನ ಪಾಲು ಅದರಲ್ಲಿ ತೀರಾ ಸಣ್ಣದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ಹಗುರವಾದ ರಿಮ್ಮಿಗಾಗಿ ಹಣ ಸುರಿದು, ಇಂಧನ ಕುಡಿಯುವ ಟೈರನ್ನು ಹಾಗೆಯೇ ಉಳಿಸಿಕೊಳ್ಳುವವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಂಧನ ಸೋರುವ ದಾರಿಗಳು ನಿಜವಾಗಿ ಮೂರು. ಟೈರಿನ ರಬ್ಬರು ಮತ್ತು ಅದರ ಕಚ್ಚು (ನೆಲಕ್ಕೆ ತಾಗುವ ಮೈಯ ಗೀರು, ಗಟ್ಟೆಗಳು), ಚಕ್ರದ ಒಟ್ಟು ವ್ಯಾಸ, ಮತ್ತು ಚಕ್ರ ಗಾಡಿಯ ಮೈಯಿಂದ ಎಷ್ಟು ಹೊರಚಾಚಿದೆ ಎಂಬುದು. ಇವುಗಳಿಗೂ ಮೊದಲು ಒಂದು ಭ್ರಮೆಯಿದೆ: ವ್ಯಾಸ ಬದಲಾದ ಕೂಡಲೇ ಓಡೋಮೀಟರ್ ತಪ್ಪು ಲೆಕ್ಕ ಕೊಡತೊಡಗುತ್ತದೆ, ಬೀಳದ ಮೈಲೇಜ್ ಕೂಡ ಬಿದ್ದಂತೆ ಕಾಣುತ್ತದೆ. ಆದ್ದರಿಂದ ಚಕ್ರ ಆರಿಸುವುದಕ್ಕಿಂತ ಮುಂಚೆ ಅಳತೆಯಿಂದಲೇ ಆರಂಭಿಸೋಣ.

ಮೊದಲ ಹೆಜ್ಜೆ: ಹಳೆಯ ಚಕ್ರ ಬಿಚ್ಚುವ ಮುನ್ನವೇ ಲೆಕ್ಕ ಬರೆದಿಡಿ

ಹೊಸ ಚಕ್ರ ಬಂದ ಮೇಲೆ ಹಳೆಯ ಮೈಲೇಜನ್ನು ನೆನಪಿನಿಂದ ಹೇಳುವುದು ನಂಬಲರ್ಹವಲ್ಲ. ನೆನಪು ಯಾವಾಗಲೂ ಅತ್ಯುತ್ತಮ ಪ್ರಯಾಣದ ಅಂಕಿಯನ್ನೇ ಹಿಡಿದಿಟ್ಟುಕೊಂಡಿರುತ್ತದೆ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಸರಾಸರಿಯನ್ನೂ ಬದಿಗಿಡಿ. ಕನಿಷ್ಠ ಮೂರು ಟ್ಯಾಂಕ್‌ಗಳಷ್ಟು ಓಡಿಸಿ, ತುಂಬಿದಿಂದ ತುಂಬುವವರೆಗಿನ ಲೆಕ್ಕ ಇಡಿ. ಅದೇ ಬಂಕ್, ಸಾಧ್ಯವಾದರೆ ಅದೇ ಪಂಪ್, ಗಾಡಿ ನಿಲ್ಲುವ ದಿಕ್ಕೂ ಅದೇ ಇರಲಿ. ನಳಿಕೆ ಮೊದಲ ಸಲ ತಾನಾಗಿ ನಿಂತ ಕೂಡಲೇ ಸಾಕು, ಮತ್ತೆ ಒತ್ತಿ ಒತ್ತಿ ತುಂಬಿಸಬೇಡಿ. 80 ಲೀಟರಿನ ಟ್ಯಾಂಕಿನಲ್ಲಿ ಒಂದು ಲೀಟರ್ ಹೆಚ್ಚುಕಡಿಮೆಯಾದರೆ ಶೇಕಡಾ 1ಕ್ಕಿಂತ ಹೆಚ್ಚಿನ ತಪ್ಪು ಅಲ್ಲೇ ಸೇರಿಕೊಳ್ಳುತ್ತದೆ. ನಾವು ಹುಡುಕುತ್ತಿರುವ ವ್ಯತ್ಯಾಸವೇ ಕೆಲವೊಮ್ಮೆ ಅಷ್ಟಿರುತ್ತದೆ. ಮೂರು ಟ್ಯಾಂಕಿನ ಮೊತ್ತ ತೆಗೆದುಕೊಂಡರೆ ಆ ತಪ್ಪು ಕರಗುತ್ತದೆ.

ದೂರವನ್ನು ಓಡೋಮೀಟರಿನಿಂದಲೂ ಮೊಬೈಲಿನ ಜಿಪಿಎಸ್‌ನಿಂದಲೂ ಬರೆದುಕೊಳ್ಳಿ. ಎರಡಕ್ಕೂ ಈಗಲೇ ಎಷ್ಟು ವ್ಯತ್ಯಾಸವಿದೆ ಎಂಬುದು ಮುಂದೆ ಬೇಕಾಗುತ್ತದೆ. ಪಕ್ಕದಲ್ಲಿ ಹೊರಗಿನ ಉಷ್ಣಾಂಶ, ಹೊರೆ, ಬೆಳಗಿನ ತಣ್ಣನೆಯ ಟೈರಿನಲ್ಲಿ ಅಳೆದ ಗಾಳಿಯ ಒತ್ತಡ ಇಷ್ಟೂ ಇರಲಿ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ಸರಿಸುಮಾರು 3 ಡಿಗ್ರಿಗೆ ಶೇಕಡಾ 1ರಷ್ಟು. ಬೇಸಗೆಯಲ್ಲಿ ಹಳೆಯ ಚಕ್ರ, ಚಳಿಗಾಲದಲ್ಲಿ ಹೊಸ ಚಕ್ರ ಎಂದು ಹೋಲಿಸಿದರೆ ಚಳಿಯ ತಪ್ಪನ್ನು ಚಕ್ರದ ಮೇಲೆ ಹೊರಿಸಿದಂತಾಗುತ್ತದೆ.

ಫಲಿತಾಂಶವನ್ನು ಲೀಟರಿಗೆ ಎಷ್ಟು ಕಿ.ಮೀ. ಎನ್ನುವುದರ ಜೊತೆಗೆ 100 ಕಿ.ಮೀ.ಗೆ ಎಷ್ಟು ಲೀಟರ್ ಎಂದೂ ಬರೆಯಿರಿ. ಲೀಟರಿಗೆ 14 ಇದ್ದದ್ದು 13 ಆದರೆ 100 ಕಿ.ಮೀ.ಗೆ ಅರ್ಧ ಲೀಟರಿಗಿಂತ ತುಸು ಹೆಚ್ಚು ಖರ್ಚು. 8 ಇದ್ದದ್ದು 7 ಆದರೆ ಅದೇ ದೂರಕ್ಕೆ ಸುಮಾರು 1.8 ಲೀಟರ್ ಹೆಚ್ಚು. ಎರಡೂ ಕಡೆ ಇಳಿದದ್ದು ಒಂದೇ ಕಿ.ಮೀ., ಜೇಬಿಗೆ ಬಿದ್ದ ಕತ್ತರಿ ಮಾತ್ರ ಮೂರು ಪಟ್ಟು ದೊಡ್ಡದು. ಟ್ರಕ್‌ಗಳು ಸಾಮಾನ್ಯವಾಗಿ ಈ ಎರಡನೆಯ ಸಾಲಿನಲ್ಲಿಯೇ ನಿಲ್ಲುತ್ತವೆ.

ಎರಡನೆಯ ಹೆಜ್ಜೆ: ಒಂದು ಸೀಮೆಸುಣ್ಣ, ಒಂದು ಟೇಪು, ಒಂದು ತೂಕದ ಯಂತ್ರ

ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ಗಾಡಿ ನಿಲ್ಲಿಸಿ. ಟೈರು ನೆಲಕ್ಕೆ ತಾಗುವ ಜಾಗದ ಸರಿಯಾಗಿ ನಡುವೆ ಟೈರಿನ ಪಕ್ಕೆಯ ಮೇಲೊಂದು, ಅದರ ಕೆಳಗೆ ನೆಲದ ಮೇಲೊಂದು ಸೀಮೆಸುಣ್ಣದ ಗೆರೆ ಎಳೆಯಿರಿ. ಒಬ್ಬರು ನಿಧಾನವಾಗಿ ಗಾಡಿಯನ್ನು ನೇರವಾಗಿ ಮುಂದಕ್ಕೆ ಬಿಡಲಿ, ನೀವು ಪಕ್ಕದಲ್ಲಿ, ಚಕ್ರದ ದಾರಿಗೆ ಅಡ್ಡವಾಗದಂತೆ ನಿಂತು ಎಣಿಸಿ. ಟೈರಿನ ಗೆರೆ ಮೂರು ಸುತ್ತು ಮುಗಿಸಿ ಮತ್ತೆ ಕೆಳಗೆ ಬಂದಲ್ಲಿ ನೆಲಕ್ಕೆ ಇನ್ನೊಂದು ಗುರುತು ಹಾಕಿ, ಟೇಪು ಹಿಡಿದು ಅಳೆದು ಮೂರರಿಂದ ಭಾಗಿಸಿ. ಇದು ಭಾರ ಹೊತ್ತ ಟೈರು ಒಂದು ಸುತ್ತಿಗೆ ನಿಜವಾಗಿ ಕ್ರಮಿಸುವ ದೂರ. ಹೊಸ ಟೈರು ಹಾಕಿಸಿದ ಮೇಲೆ ಇದನ್ನೇ ಮತ್ತೊಮ್ಮೆ ಮಾಡಿದರೆ ಎರಡರ ಅನುಪಾತ ನಿಮ್ಮ ಕೈಯಲ್ಲಿರುತ್ತದೆ. ಕಂಪನಿಯ ಕೈಪಿಡಿಯ ಅಂಕಿಗಿಂತ ಈ ಗೆರೆಯನ್ನು ನಾನು ಹೆಚ್ಚು ನಂಬುತ್ತೇನೆ.

ಚಕ್ರ ಬಿಚ್ಚಿದಾಗ ಟೈರಿನ ಸಮೇತ ತೂಗಿ. ಮನೆಯಲ್ಲಿ ಮೈತೂಕ ನೋಡುವ ಯಂತ್ರವೇ ಸಾಕು. ಮೊದಲು ನೀವೊಬ್ಬರೇ ನಿಂತು ನೋಡಿ, ಆಮೇಲೆ ಚಕ್ರವನ್ನು ಅಪ್ಪಿಕೊಂಡು ನಿಂತು ನೋಡಿ, ಕಳೆಯಿರಿ. ಭಾರ ಎತ್ತುವಾಗ ಸೊಂಟದ ಬಗ್ಗೆ ಎಚ್ಚರವಿರಲಿ. ಅಲಾಯ್ ಎಂದರೆ ಹಗುರ ಎಂಬ ನಂಬಿಕೆ ಬಹಳ ಜನರಲ್ಲಿದೆ. ಅದು ತಯಾರಿಕೆಯ ವಿಧಾನವನ್ನು ಅವಲಂಬಿಸಿದೆ. ಅಚ್ಚಿಗೆ ಹೊಯ್ದು ಮಾಡಿದ ದೊಡ್ಡ ಅಲಾಯ್ ರಿಮ್, ಅದಕ್ಕಿಂತ ಸಣ್ಣ ಅಳತೆಯ ಉಕ್ಕಿನ ರಿಮ್ಮಿಗಿಂತ ಭಾರವಾಗಿರಬಹುದು. ಒತ್ತಡದಲ್ಲಿ ಕುಟ್ಟಿ ರೂಪಿಸಿದ, ಫೋರ್ಜ್ಡ್ ಎಂದು ಕರೆಯುವ ರಿಮ್ ಅದೇ ಬಲಕ್ಕೆ ಕಡಿಮೆ ಲೋಹ ಬೇಡುತ್ತದೆ, ಆದ್ದರಿಂದ ಹಗುರ. ಫ್ಲೋ ಫಾರ್ಮ್ಡ್ ಎನ್ನುವುದು ಇವೆರಡರ ನಡುವಿನದು.

ಮೂರನೆಯ ಹೆಜ್ಜೆ: ಯಾರ ಪಾಲು ಎಷ್ಟು ಎಂದು ಲೆಕ್ಕ ಹಾಕಿ

ಇಲ್ಲಿ ಸ್ವಲ್ಪ ಕುಳಿತು ಲೆಕ್ಕ ಮಾಡಬೇಕು. ಇದು ಅರ್ಥವಾದರೆ ಅಂಗಡಿಯವರ ಮಾತಿಗೆ ಮರುಳಾಗುವ ಪ್ರಸಂಗ ಬರುವುದಿಲ್ಲ.

2,300 ಕೆಜಿ ತೂಗುವ ಒಂದು ಪಿಕಪ್ ಇದೆ ಎಂದುಕೊಳ್ಳಿ. ಹೊಸ ಚಕ್ರಗಳು ಒಂದೊಂದೂ 8 ಕೆಜಿ ಹೆಚ್ಚು ಭಾರ, ನಾಲ್ಕೂ ಸೇರಿ 32 ಕೆಜಿ. ತಿರುಗುವ ಭಾರ ಮುಂದಕ್ಕೂ ಚಲಿಸಬೇಕು, ತಿರುಗಲೂ ಬೇಕು, ಹಾಗಾಗಿ ವೇಗ ಏರಿಸುವಾಗ ಅದು ಹೆಚ್ಚು ಭಾರವಾಗಿ ವರ್ತಿಸುತ್ತದೆ. ಚಕ್ರದ ಒಂದು ಕೆಜಿ ಹತ್ತು ಕೆಜಿಗೆ ಸಮ ಎಂಬ ಮಾತು ಇಲ್ಲಿಂದಲೇ ಹುಟ್ಟಿದ್ದು, ಆದರೆ ಅದು ತಪ್ಪು. ಎಲ್ಲ ಭಾರವೂ ಟೈರಿನ ಹೊರ ಅಂಚಿನಲ್ಲೇ ಇದ್ದರೂ ಅದು ಎರಡು ಪಟ್ಟಿಗಿಂತ ಹೆಚ್ಚಾಗುವುದಿಲ್ಲ. ರಿಮ್ಮಿನ ಲೋಹ ಇನ್ನೂ ಒಳಗಿರುವುದರಿಂದ ಎರಡು ಪಟ್ಟೂ ಆಗುವುದಿಲ್ಲ. ಆದರೂ ಕೆಟ್ಟ ಸಂದರ್ಭವನ್ನೇ ಹಿಡಿದು 64 ಕೆಜಿ ಎಂದಿಟ್ಟುಕೊಳ್ಳೋಣ. ನಿಂತಲ್ಲಿಂದ ಗಂಟೆಗೆ 60 ಕಿ.ಮೀ. ವೇಗಕ್ಕೆ ಏರಲು ಈ ಹೆಚ್ಚುವರಿ ಭಾರಕ್ಕೆ ಬೇಕಾಗುವ ಶಕ್ತಿ ಸುಮಾರು 9 ಕಿಲೋಜೌಲ್. ಎಂಜಿನ್ನಿನ ದಕ್ಷತೆ ಶೇಕಡಾ 30 ಎಂದು ಹಿಡಿದರೆ ಇಂಧನದ ಲೆಕ್ಕದಲ್ಲಿ 30 ಕಿಲೋಜೌಲ್. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 36,000 ಕಿಲೋಜೌಲ್ ಇರುತ್ತದೆ. ಅಂದರೆ ಸಾವಿರ ಸಲ ನಿಂತು, ಸಾವಿರ ಸಲ 60ಕ್ಕೆ ಏರಿದರೂ ಈ ಭಾರ ಕುಡಿಯುವುದು ಒಂದು ಲೀಟರಿಗಿಂತ ಕಡಿಮೆ.

ಈ ಅಂಕಿಯನ್ನು ಎರಡು ಸಲ ಓದಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ವಾಹನ ಮಾಲೀಕರಿಗೆ ಕೊಡುವ ಸಾಮಾನ್ಯ ಅಂದಾಜು ಕೂಡ ಇದಕ್ಕೆ ಹೊಂದುತ್ತದೆ: 45 ಕೆಜಿ ಹೆಚ್ಚುವರಿ ಹೊರೆಗೆ ಮೈಲೇಜ್ ಸುಮಾರು ಶೇಕಡಾ 1ರಷ್ಟು ಇಳಿಯುತ್ತದೆ. ಸಮವೇಗದಲ್ಲಿ ಹೆದ್ದಾರಿಯಲ್ಲಿ ಸಾಗುವಾಗಲಂತೂ ಚಕ್ರದ ಭಾರ ತಿರುಗುತ್ತಿದೆ ಎಂಬುದಕ್ಕೆ ಬೆಲೆಯೇ ಇಲ್ಲ. ಒಮ್ಮೆ ತಿರುಗಲು ಶುರುವಾದದ್ದು ತಿರುಗುತ್ತಲೇ ಇರುತ್ತದೆ. ಹಗುರ ಚಕ್ರದಿಂದ ಬ್ರೇಕಿಗೆ, ಸಸ್ಪೆನ್ಷನ್ನಿಗೆ, ಸ್ಟೀರಿಂಗಿನ ಚುರುಕಿಗೆ ಒಳ್ಳೆಯದಾಗುತ್ತದೆ, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಇಂಧನ ಉಳಿಸುವ ಹೆಸರಿನಲ್ಲಿ ಮಾತ್ರ ಅದನ್ನು ಕೊಳ್ಳಬೇಡಿ.

ಈಗ ಟೈರಿನ ಕಡೆ ತಿರುಗೋಣ. ಅದೇ ಟ್ರಕ್, ಸಾಧಾರಣ ಹೆದ್ದಾರಿ ಟೈರು. ಉರುಳುವುದಕ್ಕೆ ಟೈರು ಒಡ್ಡುವ ತಡೆ, ಟ್ರಕ್‌ನ ತೂಕದ ಶೇಕಡಾ 1ರಷ್ಟಿದೆ ಎಂದು ಹಿಡಿದರೆ ಸುಮಾರು 226 ನ್ಯೂಟನ್. ಪಿಕಪ್‌ನಂತಹ ಚೌಕ ಮೈಗೆ ಗಾಳಿ ಒಡ್ಡುವ ತಡೆ, ಗಂಟೆಗೆ 90 ಕಿ.ಮೀ. ವೇಗದಲ್ಲಿ ಸುಮಾರು 480 ನ್ಯೂಟನ್. 50 ಕಿ.ಮೀ. ವೇಗದಲ್ಲಿ ಅದೇ ಗಾಳಿ 150 ನ್ಯೂಟನ್ನಿಗೆ ಇಳಿಯುತ್ತದೆ, ಟೈರಿನ ತಡೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಅಂದರೆ ಊರೊಳಗಿನ ನಿಧಾನ ಓಟದಲ್ಲಿ ಟೈರು ದೊಡ್ಡ ಎದುರಾಳಿ, ಹೆದ್ದಾರಿಯಲ್ಲಿ ಗಾಳಿ ದೊಡ್ಡ ಎದುರಾಳಿ. ಉಬ್ಬು ಕಚ್ಚಿನ ಟೈರು ಹಾಕಿಸಿ ಆ ಶೇಕಡಾ 1 ಎನ್ನುವುದು 1.3 ಆಯಿತೆನ್ನಿ. 68 ನ್ಯೂಟನ್ ಹೆಚ್ಚಾಯಿತು, ಪ್ರತಿ ಮೀಟರಿನಲ್ಲೂ, ಪ್ರತಿ ವೇಗದಲ್ಲೂ. ಅದೇ 32 ಕೆಜಿ ಹೆಚ್ಚುವರಿ ಭಾರದಿಂದ ಉರುಳುವ ತಡೆಗೆ ಸೇರುವುದು ಕೇವಲ 3 ನ್ಯೂಟನ್. ನಿಮ್ಮ ಹಣ, ನಿಮ್ಮ ಗಮನ ಎರಡೂ ಎಲ್ಲಿಗೆ ಹೋಗಬೇಕು ಎಂಬುದು ಈಗ ಸ್ಪಷ್ಟ.

ನಾಲ್ಕನೆಯ ಹೆಜ್ಜೆ: ರಿಮ್ಮಿಗಿಂತ ಮೊದಲು ಟೈರು ಆರಿಸಿ

ಟೈರು ಇಂಧನ ತಿನ್ನುವ ಬಗೆ ಸರಳ. ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ಮೇಲೆದ್ದಾಗ ಮತ್ತೆ ದುಂಡಗಾಗುತ್ತದೆ. ಹೀಗೆ ಬಾಗಿ ಸೆಟೆಯುವಾಗ ರಬ್ಬರು ತಾನು ಪಡೆದ ಶಕ್ತಿಯನ್ನೆಲ್ಲ ಹಿಂದಿರುಗಿಸುವುದಿಲ್ಲ, ಒಂದಷ್ಟನ್ನು ಶಾಖವಾಗಿ ಕಳೆಯುತ್ತದೆ. ದೂರದ ಓಟ ಮುಗಿಸಿ ಇಳಿದ ಕೂಡಲೇ ಟೈರಿನ ಕಚ್ಚಿನ ಮೇಲೆ ಅಂಗೈ ಇಟ್ಟು ನೋಡಿ. ಆ ಬಿಸಿ ನೀವು ಹಣ ಕೊಟ್ಟು ತುಂಬಿಸಿದ ಇಂಧನದ್ದೇ. ಕಚ್ಚು ಆಳವಾದಷ್ಟು, ರಬ್ಬರಿನ ಗಟ್ಟೆಗಳು ದಪ್ಪವಾದಷ್ಟು ಬಾಗುವ ರಬ್ಬರು ಹೆಚ್ಚು, ಬಿಸಿಯೂ ಹೆಚ್ಚು.

ಹಾಗಾಗಿ ಮೂರು ಜಾತಿಯ ಟೈರುಗಳಲ್ಲಿ ಹೆದ್ದಾರಿ ಟೈರು ಅತಿ ಕಡಿಮೆ ಇಂಧನ ಬೇಡುತ್ತದೆ, ರಸ್ತೆಗೂ ಕಚ್ಚಾ ದಾರಿಗೂ ಮಾಡಿದ ಆಲ್ ಟೆರೇನ್ ಅದಕ್ಕಿಂತ ಹೆಚ್ಚು, ಕೆಸರಿನ ಟೈರು ಎಲ್ಲಕ್ಕಿಂತ ಹೆಚ್ಚು. ನಿಮ್ಮ ಟ್ರಕ್ ತಿಂಗಳಲ್ಲಿ ಎಷ್ಟು ದಿನ ಕೆಸರಿಗೆ ಇಳಿಯುತ್ತದೆ ಎಂದು ಪ್ರಾಮಾಣಿಕವಾಗಿ ಎಣಿಸಿ. ವರ್ಷಕ್ಕೆ ಎರಡು ಸಲವಾದರೆ ಆ ಎರಡು ದಿನಕ್ಕಾಗಿ ಉಳಿದ ದಿನಗಳಲ್ಲಿ ದಂಡ ಕಟ್ಟುವುದು ನ್ಯಾಯವಲ್ಲ. ಪ್ರತಿದಿನ ಕಲ್ಲುಗಣಿಯಲ್ಲೋ ಕಾಡುದಾರಿಯಲ್ಲೋ ದುಡಿಯುವ ಗಾಡಿಯಾದರೆ ಕೆಸರಿನ ಟೈರೇ ಸರಿ, ಅಲ್ಲಿ ಸಿಕ್ಕಿಬೀಳದೆ ಮನೆ ಸೇರುವುದು ಮೈಲೇಜಿಗಿಂತ ದೊಡ್ಡದು.

ಇನ್ನೊಂದು ಬಲೆ ಎಲ್‌ಟಿ ಅಕ್ಷರಗಳದ್ದು. ಟೈರಿನ ಪಕ್ಕೆಯ ಮೇಲೆ ಅಳತೆಗೆ ಮುಂಚೆ ಎಲ್‌ಟಿ ಎಂದಿದ್ದರೆ ಅದು ಲೈಟ್ ಟ್ರಕ್‌ಗಾಗಿ ಮಾಡಿದ ಗಟ್ಟಿ ಟೈರು. ಅದೇ ಅಳತೆಯ ಸಾಮಾನ್ಯ ಟೈರಿಗಿಂತ ಹಲವು ಕೆಜಿ ಭಾರವಿರುತ್ತದೆ, ಅದರ ಪಕ್ಕೆಗಳು ದಪ್ಪ. ಭಾರದ ಟ್ರೇಲರ್ ಎಳೆಯುವವರಿಗೆ, ಹಿಂದಿನ ತೊಟ್ಟಿಯ ತುಂಬ ಹೊರೆ ಹೇರುವವರಿಗೆ ಅದು ಬೇಕೇ ಬೇಕು. ಬರಿಗಾಡಿಯಲ್ಲಿ ಕೆಲಸಕ್ಕೆ ಹೋಗಿ ಬರುವವರಿಗೆ ಬೇಡ. ಆದರೆ ಗಾಡಿಯ ಜೊತೆ ಬಂದದ್ದೇ ಎಲ್‌ಟಿ ಆಗಿದ್ದರೆ ಮೈಲೇಜಿನ ಆಸೆಗೆ ಅದಕ್ಕಿಂತ ಕಡಿಮೆ ಹೊರೆಯ ಟೈರಿಗೆ ಎಂದೂ ಇಳಿಯಬೇಡಿ.

ಯುರೋಪಿನಲ್ಲಿ ಮಾರುವ ಟೈರುಗಳ ಮೇಲೆ ಇಂಧನ ದಕ್ಷತೆಯ ದರ್ಜೆ ಅಂಟಿಸುವುದು ಕಡ್ಡಾಯ. 2021ರ ಮೇ ತಿಂಗಳಿನಿಂದ ಅದು ಎ ಇಂದ ಇ ವರೆಗೆ ಐದು ದರ್ಜೆಗಳಲ್ಲಿದೆ. ನೀವು ಎಲ್ಲಿಯೇ ಕೊಂಡರೂ, ಅದೇ ಮಾದರಿಗೆ, ಅದೇ ಅಳತೆಗೆ ಅಲ್ಲಿ ಯಾವ ದರ್ಜೆ ಇದೆ ಎಂದು ನೋಡುವುದರಿಂದ ನಷ್ಟವಿಲ್ಲ. ದರ್ಜೆಯ ಮಹತ್ವ ಅಂದಾಜಿಸಲು ಅಮೆರಿಕದ ಸಾರಿಗೆ ಸಂಶೋಧನಾ ಮಂಡಳಿ 2006ರ ವರದಿಯಲ್ಲಿ ಕೊಟ್ಟ ಸೂತ್ರ ಉಪಯುಕ್ತ: ಉರುಳುವ ತಡೆ ಶೇಕಡಾ 10 ಇಳಿದರೆ ಮೈಲೇಜ್ ಶೇಕಡಾ 1ರಿಂದ 2ರಷ್ಟು ಸುಧಾರಿಸುತ್ತದೆ. ಏರಿದರೆ ಅಷ್ಟೇ ಹದಗೆಡುತ್ತದೆ. ನಮ್ಮ ಲೆಕ್ಕದ ಟ್ರಕ್‌ನಲ್ಲಿ ತಡೆ ಶೇಕಡಾ 30 ಏರಿತ್ತು, ಅಂದರೆ ಮೈಲೇಜಿನಲ್ಲಿ ಶೇಕಡಾ 3ರಿಂದ 6ರಷ್ಟು ಹೋಯಿತು. ರಿಮ್ಮಿನ ಭಾರಕ್ಕೆ ಹೊರಿಸಲಾಗುವ ನಷ್ಟ ಬಹುಪಾಲು ಇಲ್ಲೇ ಅಡಗಿರುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಸವೆದ ಟೈರು ಹೊಸ ಟೈರಿಗಿಂತ ಹಗುರವಾಗಿ ಉರುಳುತ್ತದೆ, ಏಕೆಂದರೆ ಬಾಗುವ ರಬ್ಬರು ಕಡಿಮೆ. ಅದೇ ಅಳತೆಯ, ಅದೇ ಮಾದರಿಯ ಹೊಸ ಟೈರು ಹಾಕಿಸಿದರೂ ಮೈಲೇಜ್ ಚೂರು ಇಳಿದಂತೆ ಕಾಣುವುದು ಸಹಜ. ಹಾಗೆಂದು ಬೋಳು ಟೈರಿನಲ್ಲಿ ಓಡಿಸುವುದು ಪ್ರಾಣದ ಜೊತೆ ಆಟ.

ಐದನೆಯ ಹೆಜ್ಜೆ: ವ್ಯಾಸದ ಲೆಕ್ಕ, ಓಡೋಮೀಟರಿನ ಮೋಸ

265/70 ಆರ್ 17 ಎಂಬ ಅಳತೆಯನ್ನು ಬಿಡಿಸೋಣ. 265 ಎಂದರೆ ಅಗಲ, ಮಿ.ಮೀ.ಗಳಲ್ಲಿ. 70 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇಕಡಾ 70, ಅಂದರೆ 185.5 ಮಿ.ಮೀ. 17 ಇಂಚು ರಿಮ್ ಎಂದರೆ 431.8 ಮಿ.ಮೀ. ರಿಮ್ಮಿಗೆ ಎರಡು ಪಕ್ಕೆ ಕೂಡಿಸಿದರೆ ಒಟ್ಟು ವ್ಯಾಸ ಸುಮಾರು 803 ಮಿ.ಮೀ. ಇದರ ಬದಲು 275/55 ಆರ್ 20 ಹಾಕಿಸಿದರೆ ರಿಮ್ ಮೂರು ಇಂಚು ದೊಡ್ಡದಾದರೂ ಒಟ್ಟು ವ್ಯಾಸ 810.5, ಶೇಕಡಾ 1ರಷ್ಟು ಮಾತ್ರ ಹೆಚ್ಚು. 285/75 ಆರ್ 17 ಹಾಕಿಸಿದರೆ ರಿಮ್ ಅದೇ ಆದರೂ ವ್ಯಾಸ 859, ಶೇಕಡಾ 7 ಹೆಚ್ಚು. 35 ಇಂಚಿನ ಟೈರಾದರೆ 889, ಶೇಕಡಾ 10.7 ಹೆಚ್ಚು. ರಿಮ್ಮಿನ ಇಂಚು ನೋಡಿ ಹೆದರಬೇಡಿ, ಒಟ್ಟು ವ್ಯಾಸ ನೋಡಿ ಯೋಚಿಸಿ.

ವ್ಯಾಸ ಶೇಕಡಾ 7 ಹೆಚ್ಚಾದಾಗ ಎಷ್ಟೋ ವಾಹನಗಳಲ್ಲಿ ಓಡೋಮೀಟರ್ ಹಳೆಯ ಸುತ್ತಳತೆಯನ್ನೇ ಎಣಿಸುತ್ತಿರುತ್ತದೆ. ಅದು 100 ಕಿ.ಮೀ. ಎಂದಾಗ ನೀವು ನಿಜವಾಗಿ 107 ಕಿ.ಮೀ. ಸಾಗಿರುತ್ತೀರಿ. ಮೊದಲು ಲೀಟರಿಗೆ 11 ಬರುತ್ತಿತ್ತು, ಈಗ 9.6 ಬರುತ್ತಿದೆ, ಶೇಕಡಾ 13ರಷ್ಟು ಹೋಯಿತು ಎಂದು ತಲೆಗೆ ಕೈ ಹೊತ್ತು ಕುಳಿತವರು ಆ 9.6ನ್ನು 1.07ರಿಂದ ಗುಣಿಸಬೇಕು. ಬರುವುದು 10.27. ನಿಜವಾದ ಇಳಿಕೆ ಶೇಕಡಾ 6.6 ಮಾತ್ರ. ಉಳಿದ ಅರ್ಧ ಕೇವಲ ಮೀಟರಿನ ಮಾತು.

ಮೋಸಕ್ಕೆ ಇನ್ನೊಂದು ಮುಖವಿದೆ, ಇದು ಹೆಚ್ಚು ಅಪಾಯದ್ದು. ಸ್ಪೀಡೋಮೀಟರ್ ಕೂಡ ಅದೇ ತಪ್ಪು ಮಾಡುತ್ತದೆ. ಮುಳ್ಳು 100ರಲ್ಲಿ ನಿಂತಾಗ ನಿಮ್ಮ ನಿಜವಾದ ವೇಗ 107ರ ಹತ್ತಿರ ಇರಬಹುದು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ನೀವು ಅರಿಯದೆಯೇ ಅದು ಶೇಕಡಾ 14ರಷ್ಟು ಹೆಚ್ಚಾಗಿರುತ್ತದೆ. ದೊಡ್ಡ ಟೈರು ಹೆದ್ದಾರಿಯಲ್ಲಿ ಇಂಧನ ಕುಡಿಯುತ್ತದೆ ಎಂಬ ದೂರಿನಲ್ಲಿ ಒಂದು ಪಾಲು ಈ ಅರಿಯದ ವೇಗದ್ದು. ಆದ್ದರಿಂದ ಅಳತೆ ಬದಲಾದ ದಿನವೇ ಮೀಟರನ್ನು ಹೊಸ ಟೈರಿಗೆ ಹೊಂದಿಸಿ. ಅನೇಕ ಟ್ರಕ್‌ಗಳಲ್ಲಿ ಇದು ಕಂಪ್ಯೂಟರಿನ ಒಂದು ಸೆಟ್ಟಿಂಗ್ ಅಷ್ಟೇ. ಅದರ ಮೇಲೆ ಅವಲಂಬಿಸಿದ ಗೇರ್ ಬದಲಾವಣೆಯೂ ಆಗ ಸರಿಹೋಗುತ್ತದೆ.

ಗೇರಿನ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ವ್ಯಾಸ ಹೆಚ್ಚಾದರೆ ಎಂಜಿನ್ ಅದೇ ವೇಗಕ್ಕೆ ಕಡಿಮೆ ಸುತ್ತು ತಿರುಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ, ಶಕ್ತಿವಂತ ಎಂಜಿನ್ನಿನಲ್ಲಿ, ಇದು ತುಸು ಅನುಕೂಲವೇ. ಆದರೆ ಚಕ್ರಕ್ಕೆ ಸಿಗುವ ಎಳೆತವೂ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಏರು ಬಂದಾಗ, ಎದುರುಗಾಳಿ ಬೀಸಿದಾಗ, ಟ್ರೇಲರ್ ಹಿಂದಿರುವಾಗ ಮೇಲಿನ ಗೇರ್ ಎಳೆಯಲಾರದೆ ಗಾಡಿ ಕೆಳಗಿನ ಗೇರಿಗೆ ಬೀಳುತ್ತದೆ, ಮತ್ತೆ ಏರುತ್ತದೆ, ಮತ್ತೆ ಬೀಳುತ್ತದೆ. ಆ ಹೊಯ್ದಾಟದಲ್ಲಿ ಉಳಿಸಿದ್ದೆಲ್ಲ ಹೋಗುತ್ತದೆ. ವ್ಯಾಸ ಶೇಕಡಾ 10ರಷ್ಟು ಏರಿಸುವವರು ಆಕ್ಸಲ್ಲಿನ ಗೇರ್ ಅನುಪಾತವನ್ನೂ ಬದಲಿಸುವ ಯೋಚನೆ ಮಾಡಬೇಕು. ಹಳೆಯ ಅನುಪಾತವನ್ನು ವ್ಯಾಸ ಹೆಚ್ಚಾದ ಪ್ರಮಾಣದಿಂದ ಗುಣಿಸಿ: 3.73 ಇದ್ದರೆ 35 ಇಂಚಿನ ಟೈರಿಗೆ 4.13 ಬರುತ್ತದೆ, ಹತ್ತಿರದ ಅನುಪಾತ 4.10. ಅಷ್ಟು ಖರ್ಚಿಗೆ ಸಿದ್ಧರಿಲ್ಲದಿದ್ದರೆ ಮೂಲ ವ್ಯಾಸದ ಶೇಕಡಾ 3ರೊಳಗೆ ಉಳಿಯಿರಿ. ಇದು ನನ್ನ ದೃಢವಾದ ಸಲಹೆ.

ಆರನೆಯ ಹೆಜ್ಜೆ: ಚಕ್ರ ಎಷ್ಟು ಹೊರಚಾಚುತ್ತದೆ?

ಗಾಡಿಯ ಮೈಯ ಮರೆಯಲ್ಲಿರುವ ಟೈರಿಗೆ ಎದುರುಗಾಳಿ ಅಷ್ಟಾಗಿ ತಾಗುವುದಿಲ್ಲ. ಫೆಂಡರಿನಿಂದ ಆಚೆ ಬಂದ ಟೈರು ನೇರವಾಗಿ ಗಾಳಿಗೆ ಮುಖ ಕೊಡುತ್ತದೆ, ಅದೂ ತಿರುಗುತ್ತಾ. ಎಷ್ಟು ಆಚೆ ಬರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಕಾಗದದ ಮೇಲೆ ಕಂಡುಕೊಳ್ಳಬಹುದು. ಆಫ್‌ಸೆಟ್ ಎಂದರೆ ರಿಮ್ಮಿನ ಅಗಲದ ನಡುಗೆರೆಯಿಂದ, ಅದು ಹಬ್ಬಿಗೆ (ಗಾಡಿಯಲ್ಲಿ ಚಕ್ರ ಬಿಗಿಯುವ ಭಾಗಕ್ಕೆ) ತಾಗುವ ಮುಖದವರೆಗಿನ ದೂರ, ಮಿ.ಮೀ.ಗಳಲ್ಲಿ. ರಿಮ್ಮಿನ ಅಗಲದ ಅರ್ಧದಿಂದ ಆಫ್‌ಸೆಟ್ ಕಳೆದರೆ ಹಬ್ಬಿನಿಂದ ಹೊರ ಅಂಚಿನವರೆಗಿನ ದೂರ, ಕೂಡಿಸಿದರೆ ಒಳ ಅಂಚಿನವರೆಗಿನ ದೂರ.

ಹಳೆಯ ರಿಮ್ 7.5 ಇಂಚು ಅಗಲ, ಆಫ್‌ಸೆಟ್ 44 ಎಂದಿಟ್ಟುಕೊಳ್ಳಿ. ಅಗಲ 190.5 ಮಿ.ಮೀ., ಅರ್ಧ 95, ಅದರಲ್ಲಿ 44 ಕಳೆದರೆ 51. ಹೊಸದು 9 ಇಂಚು, ಆಫ್‌ಸೆಟ್ 18. ಅಗಲ 228.6, ಅರ್ಧ 114, ಅದರಲ್ಲಿ 18 ಕಳೆದರೆ 96. ಪ್ರತಿ ಬದಿಯಲ್ಲೂ ಚಕ್ರ 45 ಮಿ.ಮೀ. ಹೊರಗೆ ಬಂತು. ಒಂದು ಅಂಗೈಯ ಅರ್ಧದಷ್ಟು. ಅಂಗಡಿಯಲ್ಲಿ ಒರಗಿಸಿಟ್ಟಾಗ ಇದು ಕಣ್ಣಿಗೆ ಬೀಳುವುದೇ ಇಲ್ಲ. ಗಾಳಿಯ ಜೊತೆಗೆ ಇದು ಬೇರಿಂಗಿನ ಮೇಲಿನ ಹೊರೆಯನ್ನೂ ಸ್ಟೀರಿಂಗಿನ ಎಳೆತವನ್ನೂ ಹೆಚ್ಚಿಸುತ್ತದೆ, ಒದ್ದೆ ರಸ್ತೆಯ ಕೆಸರನ್ನೆಲ್ಲ ಬಾಗಿಲಿಗೆ ಬಳಿಯುತ್ತದೆ. ಮೂಲ ಅಗಲಕ್ಕೆ ಮತ್ತು ಮೂಲ ಆಫ್‌ಸೆಟ್‌ಗೆ ಹತ್ತಿರವಿರುವ ರಿಮ್ಮೇ ಇಂಧನಕ್ಕೆ ಒಳ್ಳೆಯದು.

ರಿಮ್ಮಿನ ಮುಖವೂ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ. ಆಳವಾದ ಬಟ್ಟಲಿನಂತಹ, ದೊಡ್ಡ ಕಿಟಕಿಗಳ ರಿಮ್ ಗಾಳಿಯನ್ನು ಕಲಕುತ್ತದೆ, ಸಪಾಟಾದ ಮುಖದ್ದು ಜಾರಿಸಿಬಿಡುತ್ತದೆ. ವಿದ್ಯುತ್ ವಾಹನಗಳ ಚಕ್ರಗಳಿಗೆ ತಟ್ಟೆಯಂತಹ ಮುಚ್ಚಳ ಹಾಕುವುದು ಇದಕ್ಕೇ. ಜೊತೆಗೆ ಗಾಡಿಯನ್ನೂ ಎತ್ತರಿಸಿದ್ದರೆ ಆ ಎತ್ತರಕ್ಕೆ ತಗಲುವ ಗಾಳಿಯ ನಷ್ಟವನ್ನು ಚಕ್ರದ ಖಾತೆಗೆ ಬರೆಯಬೇಡಿ.

ದೊಡ್ಡ ಸರಕು ಲಾರಿಗಳಲ್ಲಿ ಕಥೆ ಬೇರೆ

ಅಲ್ಲಿ ಭಾರಕ್ಕೆ ಬೆಲೆ ಇದೆ, ಆದರೆ ಬೇರೆ ಕಾರಣಕ್ಕೆ. ಅಮೆರಿಕದ ಅಲ್ಕೋವಾ ಕಂಪನಿ 1948ರಲ್ಲಿ ಲಾರಿಗಳಿಗಾಗಿ ಫೋರ್ಜ್ಡ್ ಅಲ್ಯೂಮಿನಿಯಂ ಚಕ್ರ ತಂದಾಗಿನಿಂದಲೂ ಮುಖ್ಯ ಆಕರ್ಷಣೆ ಒಂದೇ: ಚಕ್ರದಲ್ಲಿ ಉಳಿದ ಭಾರದಷ್ಟು ಸರಕು ಹೆಚ್ಚು ಹೇರಬಹುದು. 22.5 ಇಂಚಿನ ಉಕ್ಕಿನ ಚಕ್ರ 30 ಕೆಜಿ ಮೀರುತ್ತದೆ, ಅಲ್ಯೂಮಿನಿಯಮ್ಮಿನದು 20 ಕೆಜಿಯ ಆಸುಪಾಸು. 18 ಚಕ್ರಗಳ ಲಾರಿಗೆ ಹತ್ತಿರ ಹತ್ತಿರ 200 ಕೆಜಿ ಉಳಿತಾಯ. ಇಂಧನದ ನಿಜವಾದ ಉಳಿತಾಯ ಅಲ್ಲಿಯೂ ಟೈರಿನಿಂದಲೇ. ಜೋಡಿ ಟೈರಿನ ಬದಲು ಒಂದೇ ಅಗಲ ಟೈರು ಹಾಕಿದರೆ ಬಾಗಬೇಕಾದ ಪಕ್ಕೆಗಳು ನಾಲ್ಕರಿಂದ ಎರಡಕ್ಕೆ ಇಳಿಯುತ್ತವೆ. ಅದು ಪಂಕ್ಚರ್ ಆದರೆ ಆಸರೆಗೆ ಪಕ್ಕದಲ್ಲಿ ಇನ್ನೊಂದು ಇರುವುದಿಲ್ಲ ಎಂಬುದನ್ನೂ ತೂಗಿ ನೋಡಬೇಕು.

ಏಳನೆಯ ಹೆಜ್ಜೆ: ಜೋಡಿಸುವಾಗ ಬಿಡಬಾರದ ತಪಾಸಣೆ

ಇಲ್ಲಿ ಮೈಲೇಜಿಗಿಂತ ಜೀವ ದೊಡ್ಡದು. ರಿಮ್ಮಿನ ಹಿಂಭಾಗದಲ್ಲಿ ಕೊರೆದಿರುವ ಹೊರೆಯ ಅಂಕಿ, ಆಕ್ಸಲ್ ಒಂದಕ್ಕೆ ಅನುಮತಿಸಿದ ಗರಿಷ್ಠ ಹೊರೆಯ ಅರ್ಧಕ್ಕಿಂತ ಕಡಿಮೆ ಇರಲೇಬಾರದು. ಜಪಾನಿನ ಜೆಡಬ್ಲ್ಯೂಎಲ್-ಟಿ ಗುರುತು ಟ್ರಕ್‌ಗಳಿಗೆ ಮೀಸಲಾದದ್ದು. ಬರೀ ಜೆಡಬ್ಲ್ಯೂಎಲ್ ಎಂದಿದ್ದರೆ ಅದು ಕಾರಿನ ಮಾನದಂಡ. ಆಫ್ಟರ್‌ಮಾರ್ಕೆಟ್ ಚಕ್ರಗಳಿಗೆ, ಅಂದರೆ ಗಾಡಿಯ ಜೊತೆ ಬಾರದೆ ಹೊರಗೆ ಕೊಳ್ಳುವ ಚಕ್ರಗಳಿಗೆ, ವಾಹನ ಎಂಜಿನಿಯರುಗಳ ಸಂಸ್ಥೆ ಎಸ್‌ಎಇಯ ಜೆ2530 ಎಂಬ ಪರೀಕ್ಷಾ ಮಾನದಂಡವೂ ಇದೆ.

ಬೋಲ್ಟುಗಳ ಸಂಖ್ಯೆ, ಅವುಗಳ ವೃತ್ತದ ವ್ಯಾಸ ಹೊಂದಿದರೆ ಸಾಲದು. ನಡುವಿನ ರಂಧ್ರ ಹಬ್ಬಿಗೆ ಬಿಗಿಯಾಗಿ ಕೂರಬೇಕು, ದೊಡ್ಡದಿದ್ದರೆ ಹೊಂದಿಕೆಯ ಬಳೆ ಹಾಕಿಸಿ. ಇಲ್ಲವಾದರೆ ಚಕ್ರ ಮಧ್ಯಕ್ಕೆ ಕೂರದೆ ನಡುಗುತ್ತದೆ. ನಟ್ಟಿನ ಕೂರುವ ಮುಖ ಶಂಕುವಿನಾಕಾರವೋ, ಗೋಳವೋ, ಚಪ್ಪಟೆಯೋ ನೋಡಿ ರಿಮ್ಮಿಗೆ ಸರಿಹೊಂದುವ ನಟ್ಟನ್ನೇ ಬಳಸಿ. ಟಾರ್ಕ್ ರೆಂಚಿನಿಂದ ನಕ್ಷತ್ರದ ಕ್ರಮದಲ್ಲಿ ಬಿಗಿಯಿರಿ, 80ರಿಂದ 160 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿಯಿರಿ. ಹೊಸ ರಿಮ್ಮಿನ ಬಣ್ಣದ ಪದರ ಕುಗ್ಗಿ ನಟ್ಟು ಸಡಿಲವಾಗುವುದುಂಟು. ಜೋಡಿಸಿದ ದಿನವೇ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ತಪ್ಪಿದ ಚಕ್ರ ಉರುಳುವ ಬದಲು ಉಜ್ಜಿಕೊಂಡು ಹೋಗುತ್ತದೆ, ಟೈರೂ ಸವೆಯುತ್ತದೆ, ಇಂಧನವೂ ಹೋಗುತ್ತದೆ.

ಎಂಟನೆಯ ಹೆಜ್ಜೆ: ಗಾಳಿ

ಬಾಗಿಲ ಚೌಕಟ್ಟಿನ ಚೀಟಿಯಲ್ಲಿರುವ ಒತ್ತಡ ಮೂಲ ಅಳತೆಯ ಟೈರಿಗೆ ಬರೆದದ್ದು. ಸಾಮಾನ್ಯ ಟೈರಿನಿಂದ ಎಲ್‌ಟಿಗೆ ಬದಲಾದವರು ಅದೇ 35 ಪಿಎಸ್‌ಐ ತುಂಬಿಸಿದರೆ ಗಾಳಿ ಕಡಿಮೆಯಾಗುತ್ತದೆ, ಏಕೆಂದರೆ ಅದೇ ಹೊರೆ ಹೊರಲು ಎಲ್‌ಟಿ ಟೈರಿಗೆ ಹೆಚ್ಚಿನ ಒತ್ತಡ ಬೇಕು. ಟೈರು ತಯಾರಕರು ಹೊರೆಗೆ ತಕ್ಕ ಒತ್ತಡದ ಕೋಷ್ಟಕ ಕೊಡುತ್ತಾರೆ, ಅದನ್ನು ಕೇಳಿ ಪಡೆಯಿರಿ. ಪಕ್ಕೆಯ ಮೇಲಿನ ಗರಿಷ್ಠ ಅಂಕಿಯವರೆಗೆ ಉಬ್ಬಿಸುವುದೂ ತಪ್ಪು: ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ, ಕಚ್ಚಿನ ನಡುಭಾಗ ಬೇಗ ಸವೆಯುತ್ತದೆ. ನಾಲ್ಕೂ ಟೈರುಗಳಲ್ಲಿ ಸರಾಸರಿ ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಸುಮಾರು ಶೇಕಡಾ 0.2 ಇಳಿಯುತ್ತದೆ. ಹತ್ತು ಪಿಎಸ್‌ಐ ಕೊರತೆಗೆ ಶೇಕಡಾ 2. ಇಷ್ಟು ನಷ್ಟವನ್ನು ತಡೆಯಲು ಬೇಕಾಗುವುದು ಒಂದು ಒತ್ತಡ ಮಾಪಕ ಮತ್ತು ತಿಂಗಳಿಗೆ ಐದು ನಿಮಿಷ.

ಒಂಬತ್ತನೆಯ ಹೆಜ್ಜೆ: ಮತ್ತೆ ಅಳೆಯಿರಿ, ಹಿಂದಕ್ಕೂ ಹೋಗಿ ನೋಡಿ

ಹೊಸ ಟೈರು ಕೆಲವು ನೂರು ಕಿ.ಮೀ. ಓಡಿ ಪಳಗಲಿ. ಆಮೇಲೆ ಅದೇ ದಾರಿ, ಅದೇ ಹೊರೆ, ಅದೇ ಬಂಕ್, ಮೂರು ಟ್ಯಾಂಕ್. ದೂರಕ್ಕೆ ಜಿಪಿಎಸ್ ಅಂಕಿ ಅಥವಾ ಸೀಮೆಸುಣ್ಣದ ಅನುಪಾತದಿಂದ ಗುಣಿಸಿದ ಓಡೋಮೀಟರ್ ಅಂಕಿ. ವೇಗವನ್ನೂ ಜಿಪಿಎಸ್ ನೋಡಿಯೇ ಹಿಡಿಯಿರಿ.

ಫಲಿತಾಂಶದ ಬಗ್ಗೆ ಖಚಿತವಾಗಬೇಕೆಂದರೆ ಹಳೆಯ ಚಕ್ರಗಳನ್ನು ಮಾರುವ ಮುನ್ನ ಮತ್ತೆ ಹಾಕಿ ಒಂದೆರಡು ಟ್ಯಾಂಕ್ ಓಡಿಸಿ. ಹಳೆಯದು, ಹೊಸದು, ಮತ್ತೆ ಹಳೆಯದು. ಮೊದಲ ಮತ್ತು ಕೊನೆಯ ಅಂಕಿಗಳು ಒಂದನ್ನೊಂದು ಹೋಲಿದರೆ ನಡುವೆ ಕಂಡ ವ್ಯತ್ಯಾಸ ಚಕ್ರದ್ದೇ. ಅವೆರಡೇ ಬೇರೆಬೇರೆಯಾಗಿದ್ದರೆ ಹವೆಯೋ ಹೊರೆಯೋ ಓಡಿಸುವ ರೀತಿಯೋ ಬದಲಾಗಿದೆ ಎಂದರ್ಥ. ಲಾರಿ ಉದ್ಯಮದ ಎಸ್‌ಎಇ ಜೆ1321 ಪರೀಕ್ಷೆಯಲ್ಲಿ ಇದೇ ಕಾರಣಕ್ಕೆ ಏನನ್ನೂ ಬದಲಿಸದ ಇನ್ನೊಂದು ಲಾರಿಯನ್ನು ಜೊತೆಗೇ ಓಡಿಸುತ್ತಾರೆ. ನಿಮ್ಮಂತಹುದೇ ಟ್ರಕ್ ಇರುವ ಗೆಳೆಯರು ಜೊತೆಗೆ ಬಂದರೆ ನೀವೂ ಹಾಗೆ ಮಾಡಬಹುದು.

ನಷ್ಟ ಶೇಕಡಾ 2ರೊಳಗಿದ್ದರೆ ಆ ಚಕ್ರದ ಅಂದವನ್ನು ನಿಶ್ಚಿಂತೆಯಿಂದ ಸವಿಯಿರಿ. ಶೇಕಡಾ 5 ದಾಟಿದ್ದರೆ ಮೊದಲು ಗಾಳಿ, ಆಮೇಲೆ ಅಲೈನ್‌ಮೆಂಟ್ ನೋಡಿ. ಎರಡೂ ಸರಿಯಿದ್ದರೆ ರಿಮ್ ಇರಲಿ, ಅದರ ಮೇಲಿನ ಟೈರು ಬದಲಿಸಿ. ಅದೇ ರಿಮ್ಮಿಗೆ ಮೂಲ ವ್ಯಾಸದ, ಸೌಮ್ಯ ಕಚ್ಚಿನ, ಒಳ್ಳೆಯ ದರ್ಜೆಯ ಟೈರು ಹಾಕಿಸಿದರೆ ಕಳೆದುಕೊಂಡದ್ದರಲ್ಲಿ ದೊಡ್ಡ ಪಾಲು ಮರಳಿ ಬರುತ್ತದೆ.

ಕೊನೆಯದಾಗಿ ಸ್ಟೆಪ್ನಿ. ನಾಲ್ಕು ಚಕ್ರ ಬದಲಿಸಿ ಐದನೆಯದನ್ನು ಮರೆಯುವವರೇ ಹೆಚ್ಚು. ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ ಟ್ರಕ್‌ನಲ್ಲಿ ಬೇರೆ ವ್ಯಾಸದ ಸ್ಟೆಪ್ನಿ ಹಾಕಿಕೊಂಡು ದೂರ ಓಡಿಸಿದರೆ ಡಿಫರೆನ್ಷಿಯಲ್ (ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ನಿರಂತರವಾಗಿ ಹೊಯ್ದಾಡಿ ಬಿಸಿಯೇರುತ್ತದೆ. ವ್ಯಾಸ ಬದಲಿಸಿದ್ದರೆ ಸ್ಟೆಪ್ನಿಯನ್ನೂ ಅದೇ ವ್ಯಾಸಕ್ಕೆ ಬದಲಿಸಿ. ಅದು ತನ್ನ ಜಾಗದಲ್ಲಿ ಹಿಡಿಸುತ್ತದೆಯೇ ಎಂದು ಟೈರು ಕೊಳ್ಳುವ ಮುನ್ನವೇ ಗಾಡಿಯ ಕೆಳಗೆ ಬಗ್ಗಿ ಅಳೆದು ನೋಡಿ. ಹೊಸ ರಿಮ್ಮಿನ ನಟ್ಟುಗಳು ಬೇರೆಯಾಗಿದ್ದರೆ, ಸ್ಟೆಪ್ನಿಗೆ ಸರಿಹೊಂದುವ ಒಂದು ಜೊತೆ ನಟ್ಟುಗಳನ್ನು ಸಲಕರಣೆಯ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಿ.